ಸ್ಟೋರಪ್ಪನವರ ನಾನೂರ ಹನ್ನೆರಡು ಫ್ಲಾಟು

ಸ್ಟೋರಪ್ಪನವರು ಬಸ್ಸು ತಪ್ಪಿಸಿಕೊಂಡವರಲ್ಲ. ದಿನವೂ ಸರಿಯಾದ ವೇಳೆಗೆ ನಿಲ್ದಾಣಕ್ಕೆ ಬಂದು, ಮೊದಲು ಕಂಡ ಬಸ್ಸನ್ನು ಓಡಿಹೋಗಿ ಹತ್ತುತ್ತಾರೆ. ಅದು ಯಾವ ಕಡೆಗೆ ಹೋಗುವ ಬಸ್ಸು ಎಂಬುದು ಮಾತ್ರ ಕಂಡಕ್ಟರು ಹೇಳಿದ ಮೇಲೆ ತಿಳಿಯುತ್ತದೆ. ಒಂದು ಸಂಜೆ ಅವರು ಪಕ್ಕದ ಮನೆಗೆ ನುಗ್ಗಿ, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, "ಈ ಪರದೆ ಯಾವಾಗ ಬದಲಾಯಿಸಿದೆ?" ಎಂದು ಕೇಳಿದರು. ಆ ಪಕ್ಕದ ಮನೆಯವನು ನಾನೇ. ಚಹಾ ಕೊಟ್ಟವಳು ನನ್ನ ಹೆಂಡತಿ. "ಹೋದ ವರ್ಷ" ಎಂದು ಅವಳೂ ಗಂಭೀರವಾಗಿಯೇ ಉತ್ತರ ಕೊಟ್ಟಳು. ಇನ್ನೊಂದು ಸಲ ಮನೆಯ ಬೀಗದ ಕೈಯನ್ನು ತಮ್ಮ ಕೆಲಸದ ಜಾಗದ ಸ್ಟೋರಿನ ಹಲಗೆಗೆ ನೇತುಹಾಕಿ, ಅಲ್ಲಿನ ಗ್ಯಾಸ್ ಸಿಲಿಂಡರ್ ಕೋಣೆಯ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟು ಹೋಗಿದ್ದರು. ಆಕೆ ಮಧ್ಯಾಹ್ನವೆಲ್ಲ ನಮ್ಮ ಜಗಲಿಯಲ್ಲಿ ಕೂತು ತನ್ನ ಮದುವೆಯ ಬಗ್ಗೆ ಮರುಯೋಚನೆ ಮಾಡಿದ್ದಾರೆ.

ಅವರಿಗೆ ಹಾಜರಿ ಪುಸ್ತಕದಲ್ಲಿ ಒಳ್ಳೆಯದೊಂದು ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಹಡಗು ಕಟ್ಟುವ ಯಾರ್ಡಿನಲ್ಲಿ ಉಕ್ಕಿನ ಸ್ಟೋರು ನೋಡಿಕೊಳ್ಳುವುದರಿಂದ ಎಲ್ಲರಿಗೂ ಅವರು ಸ್ಟೋರಪ್ಪ. ಅದೇ ಯಾರ್ಡಿನ ಗೇಟಿನಲ್ಲಿ ಬಂದುಹೋಗುವವರ ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ಹಾಗಾಗಿ ಈ ಪ್ರಕರಣದ ಅರ್ಧ ಭಾಗವನ್ನು ಕಣ್ಣಾರೆ ಕಂಡಿದ್ದೇನೆ. ಉಳಿದರ್ಧವನ್ನು ಸಂಬಂಧಪಟ್ಟವರೆಲ್ಲ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ; ನಾನು ಸರಾಸರಿ ತೆಗೆದಿದ್ದೇನೆ.

ಮನುಷ್ಯ ಇಷ್ಟು ಗೊಂದಲದ ಮೂಟೆಯಾದರೂ ಉಕ್ಕಿನ ಅಂಗಳಕ್ಕೆ ಕಾಲಿಟ್ಟರೆ ಬೇರೆಯೇ ಆಗಿಬಿಡುತ್ತಾರೆ. ಅದರಲ್ಲೂ ಬಲ್ಬ್ ಫ್ಲಾಟ್ ಎಂದರೆ ಅವರಿಗೆ ಪ್ರಾಣ. ಹೆಸರು ಕೇಳಿ ದೀಪ ಎಂದುಕೊಳ್ಳಬೇಡಿ. ಅದು ಉದ್ದನೆಯ ಉಕ್ಕಿನ ಪಟ್ಟಿ. ಶಾಲೆಯ ಅಡಿಕೋಲನ್ನು ಹನ್ನೆರಡು ಮೀಟರಿಗೆ ಎಳೆದಂತೆ ಇರುತ್ತದೆ. ಒಂದು ಅಂಚು ಮಾಮೂಲಿ, ಇನ್ನೊಂದು ಅಂಚು ಮಾತ್ರ ಉದ್ದಕ್ಕೂ ದುಂಡಗೆ ಉಬ್ಬಿಕೊಂಡಿರುತ್ತದೆ. ಆ ಉಬ್ಬಿಗೇ ಬಲ್ಬ್ ಎಂದು ಹೆಸರು. ಹಡಗಿನ ಮೈ ಎಂದರೆ ಬರೀ ಉಕ್ಕಿನ ತಗಡು. ಸಮುದ್ರ ಒಂದು ಸಲ ಮೊಣಕೈಯಿಂದ ತಿವಿದರೆ ಡಬ್ಬದ ಹಾಗೆ ನೆಗ್ಗಿಹೋಗುತ್ತದೆ. ಹಾಗಾಗದಿರಲೆಂದು ಒಳಗಡೆ ಈ ಪಟ್ಟಿಗಳನ್ನು ಪಕ್ಕೆಲುಬುಗಳಂತೆ ಸಾಲಾಗಿ ನಿಲ್ಲಿಸಿ ಬೆಸೆಯುತ್ತಾರೆ. ಹಡಗಿನ ಪ್ರಯಾಣಿಕರು ಇವನ್ನು ಜನ್ಮದಲ್ಲಿ ನೋಡುವುದಿಲ್ಲ. ಸ್ಟೋರಪ್ಪನವರಿಗೆ ಇದೇ ದೊಡ್ಡ ಕೊರಗು.

ಆ ವರ್ಷ ಯಾರ್ಡಿಗೆ ದೊಡ್ಡ ಹಡಗಿನ ಕೆಲಸ ಬಂತು. ಬಲ್ಬ್ ಫ್ಲಾಟುಗಳಿಗೆಂದೇ ಪ್ರತ್ಯೇಕ ಅಂಗಳ ಮಾಡಿ ಅದನ್ನು ಪೂರ್ತಿಯಾಗಿ ಸ್ಟೋರಪ್ಪನವರ ಕೈಗೆ ಒಪ್ಪಿಸಿದರು. ಅದೇ ವಾರ ಅವರು ಹೆಂಡತಿಯ ಜೊತೆ ಷಡ್ಡಕರ ಮನೆಗೆ ಊಟಕ್ಕೆ ಹೋದರು.

ಷಡ್ಡಕರು ಅಂದರೆ ಹೆಂಡತಿಯ ಅಕ್ಕನ ಗಂಡ. ಪರದೆ ಬಟ್ಟೆಯ ಅಂಗಡಿ ಇಟ್ಟವರು. ಬಾಯಿ ತೆರೆದರೆ ಅವರ ಅಂಗಡಿಯ ಶಟರು ಎದ್ದಂತೆ ಶಬ್ದವಾಗುತ್ತದೆ. ಅವರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟು ಇಲ್ಲ. ಅವರ ತಾಯಿ ಒಂದು ಕಾಲದಲ್ಲಿ ಹೊಲಿಗೆ ಯಂತ್ರ ತುಳಿದೇ ಮಗನನ್ನು ಬೆಳೆಸಿ, ಅಂಗಡಿಯನ್ನೂ ಎಬ್ಬಿಸಿ ನಿಲ್ಲಿಸಿದವರು. ಬಂಧುಬಳಗಕ್ಕೆಲ್ಲ ಅವರು ಹೊಲಿಗೆಯಮ್ಮ. ಮಂಡಿ ಕೈಕೊಟ್ಟ ಮೇಲೆ ಎರಡು ವರ್ಷದಿಂದ ಅವರು ಮೆಟ್ಟಿಲು ಇಳಿದಿರಲಿಲ್ಲ. ಕಿಟಕಿಯ ಪಕ್ಕ ಕೂತು, ಕೆಳಗೆ ಹೋಗುವವರ ಬಟ್ಟೆಯ ಹೊಲಿಗೆ ಎಲ್ಲಿ ಓರೆಯಾಗಿದೆ ಎಂದು ನೋಡುವುದೇ ಅವರ ದಿನಚರಿ.

ಅನ್ನ ಬಡಿಸುವಷ್ಟರಲ್ಲಿ ಷಡ್ಡಕರು ಶುರುಮಾಡಿದರು. "ನಂದು ಅಂಗಡಿ ಮೂರು ಬಾಗಿಲಿಂದು ಆಯ್ತಪ್ಪ. ನಿಂದೇನು, ಈಗ್ಲೂ ಬೋಲ್ಟು ನಟ್ಟು ಎಣಿಸ್ತಾ ಇದೀಯಾ?"

ಸ್ಟೋರಪ್ಪನವರು ಜೀವಮಾನದಲ್ಲಿ ಒಮ್ಮೆಯೂ ಜಂಬ ಪಟ್ಟವರಲ್ಲ. ಅಭ್ಯಾಸವಿಲ್ಲದ್ದರಿಂದಲೇ ಅಳತೆ ತಪ್ಪಿತು.

"ಇಲ್ಲ ಭಾವ. ಈಗ ಫ್ಲಾಟ್ ಪೂರ್ತಿ ನನ್ನ ಕೈಲಿದೆ."

"ಫ್ಲಾಟಾ? ಎಷ್ಟು?"

"ಸದ್ಯಕ್ಕೆ ನಾನೂರ ಹನ್ನೆರಡು. ಇನ್ನೂ ಬರ್ತಾ ಇವೆ."

ಷಡ್ಡಕರ ಕೈಯ ತುತ್ತು ಗಾಳಿಯಲ್ಲಿ ನಿಂತಿತು. "ಕಂಪನಿದಾ?"

"ಕಂಪನಿದೇ. ಆದ್ರೆ ನನ್ನ ಸಹಿ ಇಲ್ದೆ ಒಂದೇ ಒಂದು ಫ್ಲಾಟು ಯಾರ ಕೈಗೂ ಹೋಗಂಗಿಲ್ಲ."

"ಎಲ್ಲಿರೋದು?"

"ಯಾರ್ಡ್ ಒಳಗೇ. ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ. ಹನ್ನೆರಡು ಮೀಟರ್ ಉದ್ದ ಒಂದೊಂದೂ. ಬಲ್ಬ್ ಸಮೇತ."

"ಬಲ್ಬೂ ಅವರೇ ಹಾಕಿ ಕೊಡ್ತಾರಾ?"

"ಬಲ್ಬ್ ಇಲ್ದಿದ್ರೆ ಅದಕ್ಕೇನು ಬೆಲೆ ಭಾವ? ಬಲ್ಬೇ ಅದರ ಶಕ್ತಿ."

ಷಡ್ಡಕರು ತುತ್ತನ್ನು ತಟ್ಟೆಗೆ ಇಳಿಸಿದರು. ಅವರ ಹೆಂಡತಿ ಗಾಬರಿಯಾಗಿ ನೀರು ಕೊಟ್ಟರು. ಆಮೇಲೆ ಷಡ್ಡಕರು ಯಾರೂ ಕೇಳಿರದ ಮೆತ್ತನೆಯ ದನಿಯಲ್ಲಿ, "ಅಮ್ಮಂಗೆ ಮೆಟ್ಟಿಲು ಆಗಲ್ಲ. ನೆಲಕ್ಕೇ ಇರೋದು ಒಂದು ಸಿಗುತ್ತಾ ಅಲ್ಲಿ?" ಎಂದರು.

"ಎಲ್ಲಾ ನೆಲಕ್ಕೇ ಇರೋದು ಭಾವ. ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿದ್ರೆ ಜಾರುತ್ತೆ, ನಾನೇ ಬೇಡ ಅಂದಿದೀನಿ."

ಅಮ್ಮನಿಗೆ ಫ್ಲಾಟ್ ನೋಡುವ ಆಸೆ ಎಂದು ಸ್ಟೋರಪ್ಪನವರು ತಿಳಿದರು. ವಯಸ್ಸಾದ ಒಬ್ಬ ಹೆಂಗಸು ಬಲ್ಬ್ ಫ್ಲಾಟಿನ ಬಗ್ಗೆ ಇಷ್ಟು ಆಸಕ್ತಿ ತೋರಿಸಿದ್ದು ಅವರ ಅನುಭವದಲ್ಲಿ ಅದೇ ಮೊದಲು. ಕಣ್ಣು ತುಂಬಿ ಬಂತು. "ಬರೋ ಗುರುವಾರ ಕರ್ಕೊಂಡು ಬನ್ನಿ ಭಾವ. ಅವತ್ತು ಫ್ಲಾಟ್ ನೋಡೋಕೆ ಸರ್ವೇಯರೂ ಬರ್ತಾರೆ" ಎಂದರು.

ಸರ್ವೇಯರು ಬರುವುದೆಂದರೆ ಕಾಗದಪತ್ರ ಕೂಡ ಚೊಕ್ಕ ಎಂದು ಷಡ್ಡಕರು ತೀರ್ಮಾನಿಸಿದರು. ಮರುದಿನವೇ ತಮ್ಮ ಮನೆಯ ಯಜಮಾನರಿಗೆ, ತಿಂಗಳ ಕೊನೆಗೆ ಮನೆ ಬಿಡುತ್ತೇವೆಂದು ಬರೆದುಕೊಟ್ಟರು.

ಸುದ್ದಿಗೆ ಕಾಲು ಬಂತು. ಎರಡು ದಿನದಲ್ಲಿ ನಮ್ಮ ಬೀದಿಗೂ ಮುಟ್ಟಿತು. ಸ್ಟೋರಪ್ಪನವರು ತಪ್ಪು ಬಸ್ಸು ಹತ್ತಿದರೆ ದಿನವೂ ಗದರಿಸಿ ಇಳಿಸುತ್ತಿದ್ದ ಕಂಡಕ್ಟರು, ಈಗ ಮೊದಲು ಸೀಟು ಕೊಟ್ಟು ಆಮೇಲೆ ಇಳಿಸತೊಡಗಿದರು. ಸ್ಟೋರಪ್ಪನವರ ಮನೆಯೊಡತಿ ನಿವೃತ್ತ ಗಣಿತದ ಟೀಚರು; ಬಾಡಿಗೆದಾರರು ನಾಲ್ಕು ವರ್ಷ ಗೋಗರೆದರೂ ರಿಪೇರಿ ಮಾಡಿಸದಿದ್ದ ಬಚ್ಚಲ ನಲ್ಲಿಯನ್ನು ತಾವೇ ಮುಂದೆ ನಿಂತು ಸರಿಮಾಡಿಸಿದರು. "ಅಷ್ಟು ಫ್ಲಾಟ್ ಇಟ್ಕೊಂಡೋರು ನಮ್ಮ ಮನೇಲಿ ಯಾಕಿರ್ತಾರೆ? ಉಳಿಸ್ಕೋಬೇಕು ಅಂದ್ರೆ ನಾವೂ ಬಗ್ಗಬೇಕು" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರಂತೆ.

ಕ್ಷೌರಿಕರು ಕತ್ತಿ ಕೆನ್ನೆಯ ಮೇಲಿಟ್ಟುಕೊಂಡೇ ಕೇಳಿದರು. "ಸಾರ್, ನನಗೂ ಒಂದು ಫ್ಲಾಟ್ ಕೊಡಿಸ್ಬೇಕು."

"ಒಂದು ತಗೊಂಡು ಏನ್ಮಾಡ್ತೀರಿ? ಒಂದರಿಂದ ಏನೂ ತಡೆಯಲ್ಲ. ಕನಿಷ್ಠ ಎಂಟಾದ್ರೂ ಬೇಕು, ಅರವತ್ತು ಸೆಂಟಿಮೀಟರಿಗೊಂದು ನಿಲ್ಲಿಸ್ಕೊಂಡು ಹೋಗ್ಬೇಕು."

ಕ್ಷೌರಿಕರು ಕತ್ತಿಯನ್ನು ಟವೆಲಿಗೆ ಒರೆಸಿದರು. "ಅಷ್ಟು ಹತ್ತಿರ ಹತ್ತಿರ ಇದ್ರೆ ಗಾಳಿ ಬೆಳಕು?"

"ಒಳಗಡೆ ಗಾಳಿ ಬೆಳಕು ಯಾಕೆ ಬೇಕು? ಅಲ್ಲಿ ಎಣ್ಣೆ ತುಂಬ್ತಾರೆ."

ಕ್ಷೌರಿಕರು ಮತ್ತೆ ಆ ವಿಷಯ ಎತ್ತಲಿಲ್ಲ. ದೊಡ್ಡವರ ವ್ಯವಹಾರವೇ ಬೇರೆ ಎಂದು ನನ್ನ ಸರದಿ ಬಂದಾಗ ನಿಟ್ಟುಸಿರು ಬಿಟ್ಟರು. ನನಗೆ ಅಷ್ಟರಲ್ಲಿ ಅನುಮಾನ ಬಂದಿತ್ತು. ಆದರೆ ಸ್ಟೋರಪ್ಪನವರ ಮುಖದಲ್ಲಿ ಆ ವಾರ ಇದ್ದ ಕಳೆ ನೋಡಿದವರು ಯಾರೂ ಬಾಯಿ ಬಿಡುತ್ತಿರಲಿಲ್ಲ. "ನೋಡಿದ್ರಾ, ಜನಕ್ಕೆ ಕೊನೆಗೂ ಬಲ್ಬ್ ಫ್ಲಾಟಿನ ಮಹತ್ವ ತಿಳೀತಾ ಇದೆ" ಎಂದು ಅವರು ಗೇಟಿನಲ್ಲಿ ನನ್ನ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ.

ಗುರುವಾರ ಬಂತು. ಮ್ಯಾನೇಜರು ಬೆಳಿಗ್ಗೆಯೇ ನನಗೆ ಆಜ್ಞೆ ಕೊಟ್ಟರು: "ಇವತ್ತು ಫ್ಲಾಟ್ ನೋಡೋಕೆ ಅಂತ ಯಾರು ಬಂದ್ರೂ ಪ್ರಶ್ನೆ ಕೇಳ್ಬೇಡ, ಹೆಲ್ಮೆಟ್ ಹಾಕಿ ಗೌರವವಾಗಿ ಒಳಗೆ ಕಳಿಸು." ಅವರಿಗೆ ಸರ್ವೇಯರನ್ನು ಕಂಡರೆ ನಡುಕ. ಕಟ್ಟುವ ಹಡಗು ಸಮುದ್ರಕ್ಕೆ ಯೋಗ್ಯವೋ ಅಲ್ಲವೋ ಎಂದು ಸಹಿ ಹಾಕುವವರು ಈ ಸರ್ವೇಯರೇ.

ಹತ್ತು ಗಂಟೆಗೆ ಒಂದು ವ್ಯಾನು ಬಂದು ನಿಂತಿತು. ಅದರಿಂದ ಷಡ್ಡಕರು, ಅವರ ಹೆಂಡತಿ, ಸ್ಟೋರಪ್ಪನವರ ಹೆಂಡತಿ, ಮನೆಯೊಡತಿ ಟೀಚರು, ಕೊನೆಗೆ ಗಾಲಿಕುರ್ಚಿಯ ಸಮೇತ ಹೊಲಿಗೆಯಮ್ಮ ಇಳಿದರು. ಅವರನ್ನು ಮೂರು ಮಹಡಿಯಿಂದ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಿದ್ದರಂತೆ. ಷಡ್ಡಕರ ಕೈಯಲ್ಲಿ ಅಳತೆಯ ಟೇಪು. ಕಿಟಕಿಗಳಿಗೆ ಪರದೆ ಅಳೆಯಲು.

"ಏನು ಕೆಲಸ?" ಎಂದೆ.

"ಫ್ಲಾಟ್ ನೋಡೋಕೆ ಬಂದಿದೀವಿ."

ಆಜ್ಞೆ ಆಜ್ಞೆಯೇ. ಐದು ಹೆಲ್ಮೆಟ್ಟು ಕೊಟ್ಟೆ. ಹೊಲಿಗೆಯಮ್ಮ ತಮ್ಮದನ್ನು ತಿರುಗಿಸಿ ಒಳಗಿನ ಪಟ್ಟಿ ನೋಡಿ, "ಈ ಹೊಲಿಗೆ ಆರು ತಿಂಗಳೂ ಬಾಳಲ್ಲ" ಎಂದು ತೀರ್ಪು ಕೊಟ್ಟು ಹಾಕಿಕೊಂಡರು. ಮುಂದೇನಾಗುತ್ತದೋ ಎಂಬ ಕಳವಳಕ್ಕೆ, ಮತ್ತು ಸತ್ಯ ಹೇಳಬೇಕೆಂದರೆ ಕುತೂಹಲಕ್ಕೆ, ಗೇಟನ್ನು ಜೊತೆಗಾರನಿಗೆ ಒಪ್ಪಿಸಿ ಗಾಲಿಕುರ್ಚಿಯನ್ನು ನಾನೇ ತಳ್ಳಿದೆ.

ಸ್ಟೋರಪ್ಪನವರು ಆ ದಿನವೂ ಬೇರೆ ಬಸ್ಸು ಹತ್ತಿ, ಒಂದು ಗಂಟೆ ತಡವಾಗಿ ಬಂದು, ಆಗಷ್ಟೇ ತಮ್ಮ ಅಂಗಳ ಸೇರಿದ್ದರು. ನಮ್ಮನ್ನು ಕಂಡವರೇ ಎರಡೂ ಕೈ ಚಾಚಿ, ಮಗಳ ಮದುವೆಯ ಮಂಟಪ ತೋರಿಸುವ ತಂದೆಯಂತೆ, "ಬನ್ನಿ ಅಮ್ಮಾ, ಬನ್ನಿ ಭಾವ! ಇವೇ!" ಎಂದರು.

ಹಳದಿ ಗೆರೆಯಾಚೆ, ಮರದ ದಿಮ್ಮಿಗಳ ಮೇಲೆ, ಉಕ್ಕಿನ ಪಟ್ಟಿಗಳು ಸಾಲು ಸಾಲಾಗಿ ಮಲಗಿದ್ದವು. ಪ್ರತಿ ಸಾಲಿನ ತುದಿಗೂ ಬಣ್ಣದ ಗುರುತು. ಆಚೆ ಸಮುದ್ರ.

ಷಡ್ಡಕರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಕಾಶವನ್ನೂ ನೋಡಿದರು. "ಎಲ್ಲಪ್ಪಾ?"

"ಇವೇ ಭಾವ. ನಿಮ್ಮ ಮುಂದೇನೇ ಇದಾವಲ್ಲ."

"ಇದು ಕಬ್ಬಿಣ."

"ಉಕ್ಕು ಭಾವ" ಎಂದು ಸ್ಟೋರಪ್ಪನವರು ಸ್ವಲ್ಪ ನೊಂದುಕೊಂಡು ತಿದ್ದಿದರು. "ಬಲ್ಬ್ ಫ್ಲಾಟು."

"ಮನೆ ಎಲ್ಲಿ?"

"ಯಾರ ಮನೆ?"

ಮೊದಲು ಲೆಕ್ಕ ಬಿಡಿಸಿದವರು ಗಣಿತದ ಟೀಚರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸ್ಟೋರಪ್ಪನವರ ಹೆಂಡತಿ ಕಣ್ಣು ಮುಚ್ಚಿಕೊಂಡರು. ಸಿಲಿಂಡರ್ ಕೋಣೆಯ ಬೀಗದ ಕೈ ಹಿಡಿದು ಕೂತ ಮಧ್ಯಾಹ್ನ ಕೂಡ ಅವರ ಮುಖ ಹಾಗಾಗಿರಲಿಲ್ಲ. ಷಡ್ಡಕರ ಶಟರು ಧಡಾರನೆ ಎದ್ದಿತು.

"ನಾನು ಮನೆ ಬಿಡ್ತೀನಿ ಅಂತ ಬರೆದು ಕೊಟ್ಟಿದೀನಿ ಕಣಯ್ಯಾ! ತಿಂಗಳ ಕೊನೆಗೆ ನಮ್ಮಮ್ಮನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ಈ ಪಟ್ಟಿ ಮೇಲೆ ಮಲಗಿಸ್ಲಾ? ಬುದ್ಧಿ ಇರೋನು ಆಡೋ ಮಾತಾ ಅದು, ಬಲ್ಬ್ ಸಮೇತ ಅಂತ ಬೇರೆ..."

ಸ್ಟೋರಪ್ಪನವರು ಏನು ಅರ್ಥವಾಯಿತೋ ಆಗಲಿಲ್ಲವೋ, ಬಾಯಿ ತೆರೆದು ನಿಂತಿದ್ದರು. ಅದೇ ಸಮಯಕ್ಕೆ ಆ ಕಡೆಯಿಂದ ಮ್ಯಾನೇಜರು ಸರ್ವೇಯರನ್ನು ಕರೆದುಕೊಂಡು ಬಂದರು. ಬೆಳಿಗ್ಗೆ ಬಂದ ಲಾರಿಯ ಫ್ಲಾಟುಗಳನ್ನು ಕ್ರೇನು ಒಂದೊಂದಾಗಿ ಎತ್ತಿ, ಹಡಗಿನ ತಳದ ತಗಡಿನತ್ತ ಒಯ್ಯುತ್ತಿತ್ತು. ಷಡ್ಡಕರು ಬೈಯುತ್ತಲೇ ಇದ್ದರು. ಸ್ಟೋರಪ್ಪನವರು ತಲೆ ತಗ್ಗಿಸಿ ಕೇಳುತ್ತಲೇ ಇದ್ದರು. ಇದ್ದಕ್ಕಿದ್ದಂತೆ ತಲೆ ಎತ್ತಿದರು.

"ಒಂದು ನಿಮಿಷ ಭಾವ" ಎಂದವರೇ ಎರಡೂ ಕೈ ಮೇಲೆತ್ತಿ ಕ್ರೇನಿನ ಕಡೆಗೆ ಓಡಿದರು. "ನಿಲ್ಸಿ! ಇಳಿಸ್ಬೇಡಿ! ಅದು ಹನ್ನೆರಡಲ್ಲ, ಹತ್ತು!"

ಕ್ರೇನು ನಿಂತಿತು. ಫ್ಲಾಟು ಗಾಳಿಯಲ್ಲಿ ತೂಗಾಡಿತು. ಮ್ಯಾನೇಜರ ಬಣ್ಣ ಬದಲಾಯಿತು. "ಏನ್ರೀ ಇದು, ಸರ್ವೇಯರ್ ಸಾಹೇಬ್ರ ಮುಂದೆ? ಕಾಗದದಲ್ಲಿ ದಪ್ಪ ಹನ್ನೆರಡು ಮಿಲಿಮೀಟರ್ ಅಂತಿದೆ. ಚೀಟಿಯಲ್ಲೂ ಹನ್ನೆರಡೇ. ನೀವು ಬಂದಿರ್ಲಿಲ್ಲ, ಬೆಳಿಗ್ಗೆ ನಾನೇ ಸಹಿ ಹಾಕಿ ಒಳಗೆ ತಗೊಂಡಿದೀನಿ."

"ಸಹಿ ಸರಿಯಾಗಿದೆ ಸಾರ್. ಫ್ಲಾಟು ಸರಿಯಿಲ್ಲ."

ಬೇರೆ ದಿನವಾದರೆ ಮ್ಯಾನೇಜರ ಎದುರು ಮಾತು ಆಡುವಾಗ ಸ್ಟೋರಪ್ಪನವರಿಗೆ ಕ್ರಿಯಾಪದವೇ ಸಿಗುವುದಿಲ್ಲ. ಅಂದು ಅವರು ಕಂಬದಂತೆ ನಿಂತುಬಿಟ್ಟರು. ಷಡ್ಡಕರು ಬಾಯಿ ಮುಚ್ಚಿದರು. ನಾನು ಗಾಲಿಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದೆ. ತಪ್ಪಾದರೆ ಈ ಮನುಷ್ಯನ ಕೆಲಸ ಇವತ್ತಿಗೆ ಮುಗಿಯಿತು.

ಸರ್ವೇಯರು ಕಡಿಮೆ ಮಾತಿನವರು. ಫ್ಲಾಟನ್ನು ದಿಮ್ಮಿಯ ಮೇಲೆ ಇಳಿಸಲು ಸನ್ನೆ ಮಾಡಿ, ಜೇಬಿನಿಂದ ಅಳತೆಯ ಇಕ್ಕಳ ತೆಗೆದು, ಪಟ್ಟಿಗೆ ಕಚ್ಚಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಹತ್ತು" ಎಂದರು.

ಆ ಲಾರಿಯ ಲೋಡನ್ನೆಲ್ಲ ಅಳೆಸಿದಾಗ ಹನ್ನೊಂದು ಫ್ಲಾಟು ಹಾಗೆಯೇ ಸಿಕ್ಕಿದವು. ಹನ್ನೆರಡರ ಚೀಟಿ ಅಂಟಿಸಿಕೊಂಡ ಹತ್ತರ ಫ್ಲಾಟುಗಳು. ಬೆಸೆದು ಬಣ್ಣ ಬಳಿದ ಮೇಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಸಮುದ್ರದ ಕಣ್ಣೊಂದನ್ನು ಬಿಟ್ಟು.

"ಇಷ್ಟು ದೂರದಿಂದ ಎರಡು ಮಿಲಿಮೀಟರ್ ಹೇಗ್ರೀ ಕಂಡಿತು?" ಎಂದು ಸರ್ವೇಯರು ಕೇಳಿದರು.

"ಎರಡು ಮಿಲಿಮೀಟರ್ ಕಾಣಲ್ಲ ಸಾರ್. ಜೋಲೋದು ಕಾಣುತ್ತೆ. ಕ್ರೇನಲ್ಲಿ ಎತ್ತಿದಾಗ ಹನ್ನೆರಡರ ಫ್ಲಾಟು ತುದಿ ಇಷ್ಟೇ ಬಗ್ಗುತ್ತೆ" ಎಂದು ಸ್ಟೋರಪ್ಪನವರು ಅಂಗೈಯನ್ನು ಸ್ವಲ್ಪ ಬಾಗಿಸಿದರು. "ಇದು ಹೀಗೆ ಬಗ್ತು. ಸುಸ್ತಾದೋರ ಥರ. ಹನ್ನೆರಡರದ್ದು ಯಾವತ್ತೂ ಸುಸ್ತಾಗಲ್ಲ ಸಾರ್."

"ನಂಗೂ ಅನ್ನಿಸ್ತು" ಎಂದು ಗಾಲಿಕುರ್ಚಿಯಿಂದ ದನಿ ಬಂತು. ಎಲ್ಲರೂ ತಿರುಗಿದರು. "ಅದಕ್ಕಿಂತ ಮುಂಚೆ ಹೋಗಿದ್ದು ನೆಟ್ಟಗಿತ್ತು. ಇದು ತೆಳು ಬಟ್ಟೆ ಥರ ಜೋತುಬಿತ್ತು. ನಾನು ಹೊರಗಿನೋಳು, ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಸರ್ವೇಯರು ಹೊಲಿಗೆಯಮ್ಮನಿಗೆ ಕೈ ಮುಗಿದರು. ಆಮೇಲೆ ಸ್ಟೋರಪ್ಪನವರ ಕಡೆ ತಿರುಗಿ, ಎಲ್ಲರೆದುರು ಹೆಲ್ಮೆಟ್ ತೆಗೆದು, ತಲೆ ಬಗ್ಗಿಸಿ, ಮತ್ತೆ ಹಾಕಿಕೊಂಡರು. ಇಪ್ಪತ್ತು ವರ್ಷದಲ್ಲಿ ಅವರು ಯಾರಿಗೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ಮ್ಯಾನೇಜರು ಕೂಡಲೇ ಚೇತರಿಸಿಕೊಂಡು, "ನಮ್ಮ ಯಾರ್ಡಿನ ವ್ಯವಸ್ಥೆಯೇ ಹೀಗೆ ಸಾರ್. ನಾನು ಎಷ್ಟೇ ಸಹಿ ಹಾಕಿದ್ರೂ ಸ್ಟೋರಿನವರು ತಡೀತಾರೆ" ಎಂದರು. ತಮ್ಮ ಮಾತಿನ ಅರ್ಥ ಅವರಿಗೆ ಸಂಜೆ ಹೊಳೆದಿರಬೇಕು.

"ಅಮ್ಮನಿಗೆ ಹಡಗಿನ ಒಳಗಡೆ ತೋರಿಸಿ" ಎಂದು ಸರ್ವೇಯರೇ ಹೇಳಿದರು. ಕಟ್ಟಿ ಮುಗಿದ ಒಂದು ಭಾಗವನ್ನು ಶೆಡ್ಡಿನ ನೆಲದ ಮೇಲೆ ಇಟ್ಟಿದ್ದರು. ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಯಿತು. ಎರಡೂ ಕಡೆ ಮೇಲಿನವರೆಗೆ ಬಲ್ಬ್ ಫ್ಲಾಟುಗಳು, ಒಂದರ ಪಕ್ಕ ಒಂದು, ಒಂದು ಕೂದಲೆಳೆ ಓರೆಯಿಲ್ಲದೆ. ಹೊಲಿಗೆಯಮ್ಮ ಹತ್ತಿರದ ಫ್ಲಾಟಿನ ದುಂಡು ಅಂಚಿನ ಮೇಲೆ ಬೆರಳು ಓಡಿಸಿದರು. ಅರವತ್ತು ವರ್ಷ ಬಟ್ಟೆ ಸವರಿದ ಬೆರಳು.

"ಅಂಚು ಮಡಿಸಿ ಹೊಲಿದಿದ್ದಾರೆ" ಎಂದರು.

"ಹೂಂ ಅಮ್ಮ" ಎಂದು ಸ್ಟೋರಪ್ಪನವರು ಮಂಡಿಯೂರಿ ಕೂತರು. "ಪಟ್ಟಿ ಪೂರ್ತಿ ದಪ್ಪ ಮಾಡಿದ್ರೆ ಹಡಗು ಭಾರ ಆಗುತ್ತೆ. ಅದಕ್ಕೇ ಅಂಚು ಮಾತ್ರ ದಪ್ಪ. ದುಂಡಗಿರೋದ್ರಿಂದ ಬಣ್ಣ ಎಲ್ಲಾ ಕಡೆ ಸಮ ಕೂರುತ್ತೆ, ತುಕ್ಕಿಗೆ ಮೂಲೆ ಸಿಗಲ್ಲ."

"ಎಲ್ಲೂ ಚುಚ್ಚೋದೂ ಇಲ್ಲ. ಇದನ್ನ ಮಾಡಿದೋನು ಕೆಲಸ ಬಲ್ಲೋನು." ಮುದುಕಿ ತಲೆ ಎತ್ತಿ ಆ ಸಾಲುಗಳನ್ನು ಬಹಳ ಹೊತ್ತು ನೋಡಿದರು. "ಎರಡು ವರ್ಷದಿಂದ ನಾನು ನೆಟ್ಟಗಿರೋ ಹೊಲಿಗೆ ನೋಡೇ ಇರ್ಲಿಲ್ಲಪ್ಪ."

ಸ್ಟೋರಪ್ಪನವರು ಆಗ ಮೆಲ್ಲಗೆ ಷಡ್ಡಕರ ಕಡೆ ತಿರುಗಿದರು. ಇಷ್ಟು ಹೊತ್ತಿಗೆ ಅವರಿಗೆ ವಿಷಯ ತಲೆಗೆ ಹೋಗಿತ್ತು.

"ಭಾವ, ನಿಮಗೆ ಮನೆ ಬೇಕು ಅಂತ ನೀವು ಹೇಳ್ಲೇ ಇಲ್ಲ. ಹೇಳಿದ್ರೆ ಅವತ್ತೇ ಮುಗೀತಿತ್ತು."

"ಏನು ಮುಗೀತಿತ್ತು?" ಷಡ್ಡಕರ ದನಿಯಲ್ಲಿ ಇನ್ನೂ ಬಿಸಿ ಇತ್ತು.

"ನಮ್ಮ ಮನೆ ನೆಲಕ್ಕೇ ಇದೆಯಲ್ಲ. ನೀವು ಅಲ್ಲಿಗೆ ಬನ್ನಿ. ನಿಮ್ಮ ಮೂರನೇ ಮಹಡಿಗೆ ನಾವು ಹೋಗ್ತೀವಿ. ನಿಮ್ಮ ಯಜಮಾನ್ರಿಗೂ ಬಾಡಿಗೆದಾರ ಸಿಕ್ಕ ಹಾಗಾಯ್ತು. ನನ್ನ ಮಂಡಿ ಚೆನ್ನಾಗಿದೆ."

ಎರಡು ವರ್ಷ ಎರಡು ಮನೆಯವರೂ ತಲೆ ಕೆಡಿಸಿಕೊಂಡ ವಿಷಯ. ಪರದೆ ಅಂಗಡಿಗೆ ಮೂರು ಬಾಗಿಲು ಇಟ್ಟ ತಲೆಗೂ ಹೊಳೆದಿರಲಿಲ್ಲ. ಸ್ಟೋರಪ್ಪನವರ ಹೆಂಡತಿ, "ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದರು.

"ಕೇಳ್ಬೇಕಿತ್ತಾ?" ಎಂದು ಸ್ಟೋರಪ್ಪನವರು ಗಾಬರಿಯಾದರು.

ಆಕೆ ಅಕ್ಕನ ಮುಖ ನೋಡಿದರು, ಗಾಲಿಕುರ್ಚಿಯ ಕಡೆ ನೋಡಿದರು. "ಕೇಳಿದ್ರೆ ನಾನೂ ಇದನ್ನೇ ಹೇಳ್ತಿದ್ದೆ. ಆದ್ರೂ ಕೇಳ್ಬೇಕಿತ್ತು."

ಮನೆಯೊಡತಿ ಟೀಚರು ತಕ್ಷಣ ಒಪ್ಪಿದರು. ಒಂದೇ ಷರತ್ತು: ತಮ್ಮ ಮೂರು ರವಿಕೆಗಳ ತೋಳನ್ನು ಹೊಲಿಗೆಯಮ್ಮ ಸರಿಮಾಡಿಕೊಡಬೇಕು. "ನೀವು ಗೇಟಲ್ಲಿ ಇಳಿದಾಗ್ಲೇ ಅದನ್ನ ನೋಡಿದೀನಿ. ಹೇಳೋಕೆ ಸಂಕೋಚ ಆಯ್ತು" ಎಂದರು ಹೊಲಿಗೆಯಮ್ಮ.

ತಿಂಗಳ ಕೊನೆಗೆ ಎರಡು ಮನೆಯ ಸಾಮಾನು ಒಂದೇ ಲಾರಿಯಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಯಿತು. ಹೊಲಿಗೆಯಮ್ಮ ಈಗ ದಿನವೂ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಗಾಲಿಕುರ್ಚಿ ಉರುಳಿಸಿಕೊಂಡು ಬಂದು ಎಲ್ಲರ ಬಟ್ಟೆಯನ್ನೂ ಹತ್ತಿರದಿಂದಲೇ ತಪಾಸಣೆ ಮಾಡುತ್ತಾರೆ. ಬೀದಿಯ ಜನ ನೆಟ್ಟಗೆ ಇಸ್ತ್ರಿ ಮಾಡಿಕೊಂಡು ಹೊರಡುವುದನ್ನು ಕಲಿತಿದ್ದಾರೆ.

ಷಡ್ಡಕರು ಅಂದಿನಿಂದ ತಮ್ಮ ಅಂಗಡಿಯ ವಿಷಯ ಮಾತಾಡುವುದನ್ನೇ ಬಿಟ್ಟಿದ್ದಾರೆ. ಪರದೆ ಕೊಳ್ಳಲು ಬಂದವರಿಗೆ ಮೊದಲು ಸ್ಟೋರಪ್ಪನವರ ಕಥೆ, ಆಮೇಲೆ ಬಟ್ಟೆ. ಮೊದಲ ವಾರ ಆ ಕಥೆಯಲ್ಲಿ ಸ್ಟೋರಪ್ಪನವರು ನಲವತ್ತು ಅಡಿ ದೂರದಿಂದ ತಪ್ಪು ಫ್ಲಾಟು ಕಂಡುಹಿಡಿದರು. ಎರಡನೇ ವಾರ ನೂರು ಅಡಿ. ನಾನು ಮೊನ್ನೆ ಕಿಟಕಿಗೆ ಬಟ್ಟೆ ತರಲು ಹೋದಾಗ ಕಥೆಯ ಸ್ಟೋರಪ್ಪನವರು ಗೇಟಿನ ಹೊರಗಿನಿಂದಲೇ, ಅದೂ ಬೆನ್ನು ಹಾಕಿ ನಿಂತು, ಬರೀ ಶಬ್ದ ಕೇಳಿ ಹೇಳಿಬಿಟ್ಟಿದ್ದರು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಯಾವುದೋ ಬೇರೆ ಅಂಗಡಿ ಎಂದುಕೊಂಡು ಒಳಗೆ ಬಂದಿದ್ದ ಸ್ಟೋರಪ್ಪನವರೂ ಮೂಲೆಯಲ್ಲಿ ನಿಂತು ಕೇಳುತ್ತಿದ್ದರು. ಅವರಿಗೆ ತಡೆಯಲಾಗಲಿಲ್ಲ.

"ಇಲ್ಲ ಭಾವ, ಮೂವತ್ತೇ ಅಡಿ ಇದ್ದಿದ್ದು. ನಾನು ಕ್ರೇನ್ ಕಡೇನೇ ನೋಡ್ತಿದ್ದೆ."

ಷಡ್ಡಕರು ಕತ್ತರಿ ಹಿಡಿದ ಕೈಯಿಂದಲೇ ಅವರನ್ನು ಸುಮ್ಮನಿರಿಸಿದರು.

"ನೀನು ಬಾಯ್ಮುಚ್ಚಪ್ಪ. ಅವತ್ತು ನೀನು ಏನು ಮಾಡ್ದೆ ಅಂತ ನಿಂಗೇನು ಗೊತ್ತು? ನಾನು ಪಕ್ಕದಲ್ಲೇ ನಿಂತು ನೋಡಿದೀನಿ!"